ಹಳೆಯ ಯಂತ್ರ, ಹೊಸ ಒಡೆಯ

ಊರ ಕಡೆ ಹೋದಾಗ ನಮ್ಮವರ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದೇ ಇರಲಿ, ಟೈರಿನ ಮೇಲೆ ಓಡುವುದೆಲ್ಲ ಅವರಿಗೆ 'ಜೆಸಿಬಿ'. ಚೈನಿನ ಮೇಲೆ ನಡೆದು ಸುತ್ತಲೂ ತಿರುಗುವುದೆಲ್ಲ 'ಹಿಟಾಚಿ'. ಮುಂಬಯಿಯಲ್ಲಿರುವ ನಾವು ಆ ಎರಡನೆಯದನ್ನು 'ಪೊಕ್ಲೇನ್' ಎಂದು ಕರೆಯುತ್ತೇವೆ. ಈ ಮೂರೂ ತಯಾರಕರ ಹೆಸರುಗಳು: ಮೊದಲನೆಯದು ಇಂಗ್ಲೆಂಡಿನದು, ಎರಡನೆಯದು ಜಪಾನಿನದು, ಮೂರನೆಯದು ಫ್ರಾನ್ಸಿನದು. ಜಪಾನೀಯರು ಇದೇ ಯಂತ್ರವನ್ನು 'ಯುಂಬೊ' ಎನ್ನುತ್ತಾರೆ. ಅದೂ ಫ್ರಾನ್ಸಿನಿಂದ ಬಂದ ಹೆಸರೇ. ಯಂತ್ರದ ಜೊತೆಗೆ ಹೆಸರೂ ದೇಶದಿಂದ ದೇಶಕ್ಕೆ ಕೈ ಬದಲಾಯಿಸುತ್ತ ಬಂದಿದೆ.

ಕೈ ಬದಲಾಯಿಸಿದ್ದು ಹೆಸರು ಮಾತ್ರವಲ್ಲ. ಮಣ್ಣು ಅಗೆಯುವ ಯಂತ್ರದ ಚರಿತ್ರೆಯಲ್ಲಿ ಒಬ್ಬರು ಬಳಸಿ ಬಿಟ್ಟದ್ದನ್ನು ಇನ್ನೊಬ್ಬರು ಅಳೆದು ತೂಗಿ ಕೊಂಡ ಪ್ರಸಂಗಗಳು ಹಲವು. ಇಂದು ನಮ್ಮ ಹಳ್ಳಿಗಳ ಯುವಕರು ಸೆಕೆಂಡ್ ಹ್ಯಾಂಡ್ ಮಿನಿ ಎಕ್ಸ್‌ಕವೇಟರ್ ಕೊಳ್ಳಲು ಜಮೀನು ಒತ್ತೆಯಿಟ್ಟು ಸಾಲ ಮಾಡುತ್ತಿರುವಾಗ ಆ ಪ್ರಸಂಗಗಳನ್ನು ನೆನೆಯುವುದು ವ್ಯರ್ಥವಲ್ಲ ಎಂದು ಭಾವಿಸಿದ್ದೇನೆ.

ಅಗೆಯುವ ಯಂತ್ರದ ಆದಿಪುರುಷ ಅಮೆರಿಕದ ವಿಲಿಯಂ ಓಟಿಸ್. ರೈಲುದಾರಿಯ ಮಣ್ಣು ತೆಗೆಯಲು 1830ರ ದಶಕದಲ್ಲಿ ಅವನು ಉಗಿಯಿಂದ ನಡೆಯುವ ಸಲಿಕೆಯನ್ನು ನಿರ್ಮಿಸಿದನು. 1839ರಲ್ಲಿ ಪೇಟೆಂಟ್ ದೊರೆಯಿತು; ಅದೇ ವರ್ಷ, ಇನ್ನೂ 30 ತುಂಬುವ ಮೊದಲೇ, ಅವನು ತೀರಿಕೊಂಡನು. ಕೂಲಿಯಾಳುಗಳು ಅಗ್ಗವಾಗಿ ಸಿಗುತ್ತಿದ್ದ ಆ ಕಾಲದಲ್ಲಿ ಯಂತ್ರಕ್ಕೆ ಹೆಚ್ಚು ಗಿರಾಕಿಗಳಿರಲಿಲ್ಲ. ಉಗಿ ಸಲಿಕೆಗೆ ನಿಜವಾದ ದೊಡ್ಡ ಪರೀಕ್ಷೆ ಬಂದದ್ದು ಪನಾಮಾ ಕಾಲುವೆಯಲ್ಲಿ.

ಸುಯೆಜ್ ಕಾಲುವೆ ತೋಡಿಸಿದ ಫರ್ಡಿನಾಂಡ್ ದ ಲೆಸೆಪ್ಸ್‌ನ ಫ್ರೆಂಚ್ ಕಂಪನಿ 1880ರ ದಶಕದಲ್ಲಿ ಪನಾಮಾದಲ್ಲಿ ಅಗೆತ ಆರಂಭಿಸಿ 1889ರಲ್ಲಿ ದಿವಾಳಿಯೆದ್ದಿತು. ಹಳದಿ ಜ್ವರ, ಮಲೇರಿಯಾ, ಕುಸಿಯುವ ಗುಡ್ಡ, ಹಣದ ಅವ್ಯವಹಾರ ಎಲ್ಲವೂ ಸೇರಿ ಆ ಸಾಹಸವನ್ನು ನುಂಗಿದವು. ಯಂತ್ರಗಳು ಕಾಡಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತವು. ಉತ್ತರಾಧಿಕಾರಿ ಕಂಪನಿ ತನ್ನ ಆಸ್ತಿ ಹಕ್ಕುಗಳಿಗೆಲ್ಲ ಮೊದಲು ಕೇಳಿದ ಬೆಲೆ 10 ಕೋಟಿ 90 ಲಕ್ಷ ಡಾಲರು. ಅಮೆರಿಕ ಸರ್ಕಾರದ ಆಯೋಗ ಕಟ್ಟಿದ ಬೆಲೆ 4 ಕೋಟಿ. ಕೊಳ್ಳುವವನಿಗೆ ನಿಕರಾಗುವಾ ಮಾರ್ಗವೆಂಬ ಇನ್ನೊಂದು ಆಯ್ಕೆಯಿತ್ತು, ಮಾರುವವನಿಗೆ ಬೇರೆ ಗಿರಾಕಿಯೇ ಇರಲಿಲ್ಲ. ಕೊನೆಗೆ 4 ಕೋಟಿಗೇ ವ್ಯಾಪಾರ ಕುದುರಿ, 1904ರ ಮೇ 4ರಂದು ಅಮೆರಿಕನ್ನರು ಸ್ವಾಧೀನ ಪಡೆದರು.

ಹಾಗೆ ಪಡೆದ ಹಳೆಯ ಸಾಮಾನನ್ನು ಅವರು ಸಾರಾಸಗಟಾಗಿ ಗುಜರಿಗೆ ಹಾಕಲಿಲ್ಲ, ಸಾರಾಸಗಟಾಗಿ ನೆಚ್ಚಿಕೊಳ್ಳಲೂ ಇಲ್ಲ. ಹೂಳೆತ್ತುವ ಫ್ರೆಂಚ್ ನೌಕೆಗಳಲ್ಲಿ ಗಟ್ಟಿಯಿದ್ದವನ್ನು ದುರಸ್ತಿ ಮಾಡಿ ದುಡಿಸಿಕೊಂಡರು. ರೈಲು ಎಂಜಿನ್ನು, ಬಂಡಿಗಳಲ್ಲಿಯೂ ಆಗುವಷ್ಟನ್ನು ಆರಿಸಿಕೊಂಡರು. ಆದರೆ ಗುಡ್ಡ ಕಡಿಯುವ ಮುಖ್ಯ ಕೆಲಸಕ್ಕೆ ಹೊಸ ಉಗಿ ಸಲಿಕೆಗಳನ್ನು ತರಿಸಿದರು. ಅವುಗಳಲ್ಲಿ ಬುಸೈರಸ್ ಕಂಪನಿಯ 95 ಟನ್ನಿನ ದೈತ್ಯಗಳು ಪ್ರಸಿದ್ಧವಾದವು. 1906ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅಂತಹ ಒಂದು ಯಂತ್ರವನ್ನು ಏರಿ ಕುಳಿತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮುಖ್ಯ ಎಂಜಿನಿಯರ್ ಜಾನ್ ಸ್ಟೀವನ್ಸ್ ಕಂಡುಕೊಂಡ ಸತ್ಯ ಇನ್ನೂ ದೊಡ್ಡದು: ಅಗೆದ ಮಣ್ಣನ್ನು ಸಾಗಿಸುವ ವ್ಯವಸ್ಥೆ ಇಲ್ಲದಿದ್ದರೆ ಅಗೆಯುವ ಯಂತ್ರ ನಿಂತೇ ಇರಬೇಕಾಗುತ್ತದೆ. ಅವರು ಮೊದಲು ರೈಲುದಾರಿಯನ್ನು ಸರಿಪಡಿಸಿ ಅನಂತರ ಸಲಿಕೆಗಳನ್ನು ಓಡಿಸಿದರು. ಕಾಲುವೆ 1914ರ ಆಗಸ್ಟ್ 15ರಂದು ತೆರೆಯಿತು.

ಇನ್ನು ನಮ್ಮ ಮುಂಬಯಿಗೆ ಬರೋಣ. ಹೆನಿಂಗ್ ಹೋಲ್ಕ್-ಲಾರ್ಸೆನ್ ಮತ್ತು ಸೋರೆನ್ ಟೂಬ್ರೋ ಎಂಬ ಡೆನ್ಮಾರ್ಕಿನ ಇಬ್ಬರು ಎಂಜಿನಿಯರುಗಳು 1938ರಲ್ಲಿ ಇಲ್ಲಿ ಪಾಲುದಾರಿಕೆಯ ಸಣ್ಣ ವ್ಯವಹಾರ ಆರಂಭಿಸಿದರು. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಮಣ್ಣು ಕೆಲಸದ ಯಂತ್ರಗಳನ್ನು ಮಾರುವ ಒಪ್ಪಂದ ಅವರಿಗೆ ದೊರೆಯಿತು. ಅದೇ ವೇಳೆಗೆ ಸೈನ್ಯಕ್ಕೆ ಬೇಡವಾದ ಕ್ಯಾಟರ್‌ಪಿಲ್ಲರ್ ಯಂತ್ರಗಳು ಅಗ್ಗದ ಬೆಲೆಗೆ ಬಂದವು. ಇಬ್ಬರ ಕೈಯಲ್ಲಿದ್ದ ಹಣ ಸಾಲದು. ಹೊರಗಿನಿಂದ ಬಂಡವಾಳ ಕೂಡಿಸುವ ಸಲುವಾಗಿ 1946ರ ಫೆಬ್ರವರಿ 7ರಂದು ಪಾಲುದಾರಿಕೆಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಮಾರ್ಪಡಿಸಿದರು. ಲಾರ್ಸೆನ್ ಅಂಡ್ ಟೂಬ್ರೋ ಕಂಪನಿಯ ಜನ್ಮವೃತ್ತಾಂತ ಇದು. ಪವಯಿಯ ಆ ವಿಶಾಲ ಕಾರ್ಖಾನೆಯ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಇದೇ ಸಂಸ್ಥೆ 1970ರ ದಶಕದ ಮಧ್ಯಭಾಗದಲ್ಲಿ ಪೊಕ್ಲೇನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಅಗೆಯುವ ಯಂತ್ರಗಳ ತಯಾರಿಕೆಗೆ ಇಳಿಯಿತು.

ಸರ್ಕಾರವೂ ಹಳೆಯ ಯಂತ್ರದ ಗಿರಾಕಿಯೇ ಆಗಿತ್ತು. 1947ರಲ್ಲಿ ಆರಂಭವಾದ ಕೇಂದ್ರ ಟ್ರ್ಯಾಕ್ಟರ್ ಸಂಘಟನೆ ಮಧ್ಯ ಭಾರತದ ಹೊಲಗಳನ್ನು ಕವಿದಿದ್ದ ಕಾಂಸ್ ಎಂಬ ಆಳಬೇರಿನ ಹುಲ್ಲನ್ನು ಕೀಳಲು ತೊಡಗಿದ್ದು ಅಮೆರಿಕನ್ ಸೈನ್ಯ ಬಿಟ್ಟುಹೋದ ಟ್ರ್ಯಾಕ್ಟರುಗಳಿಂದ. ಹೊಸ ಟ್ರ್ಯಾಕ್ಟರುಗಳು ಬಂದದ್ದು 1949ರಲ್ಲಿ ವಿಶ್ವಬ್ಯಾಂಕ್ 1 ಕೋಟಿ ಡಾಲರು ಸಾಲ ಕೊಟ್ಟ ಮೇಲೆ.

ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡರ ಕಥೆಯೂ ಇದಕ್ಕೆ ಹತ್ತಿರದ್ದು. 1945ರ ಅಕ್ಟೋಬರಿನಲ್ಲಿ ಅವರು ಬಾಡಿಗೆ ಗ್ಯಾರೇಜಿನಲ್ಲಿ, ಯುದ್ಧದಿಂದ ಉಳಿದ ಕಬ್ಬಿಣದ ಸಾಮಾನನ್ನೂ ಹಳೆಯ ವೆಲ್ಡಿಂಗ್ ಸೆಟ್ಟನ್ನೂ ಬಳಸಿ ಒಂದು ಟ್ರೇಲರ್ ಮಾಡಿ 45 ಪೌಂಡಿಗೆ ಮಾರಿದರು. ಅವರ ಹೆಸರಿನ ಮೊದಲಕ್ಷರಗಳೇ ಜೆ. ಸಿ. ಬಿ. ಆ ಕಂಪನಿ 1979ರಲ್ಲಿ ಎಸ್ಕಾರ್ಟ್ಸ್ ಜೊತೆಗೂಡಿ ಹರಿಯಾಣದ ಬಲ್ಲಭಗಢಕ್ಕೆ ಬಂತು.

ಇಷ್ಟರಲ್ಲಿ ಯಂತ್ರದ ಒಳಗುಟ್ಟೇ ಬದಲಾಗಿತ್ತು. ಉಗಿ ಸಲಿಕೆ ಸರಪಳಿ, ಹಗ್ಗಗಳಿಂದ ಬಕೆಟ್ಟನ್ನು ಎಳೆಯುತ್ತಿತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವಷ್ಟೆ. ಫ್ರಾನ್ಸಿನ ಜಾರ್ಜ್ ಬತಾಯ್ ಸ್ಥಾಪಿಸಿದ ಪೊಕ್ಲೇನ್ ಕಂಪನಿ 1951ರಲ್ಲಿ ಆ ನಿಯಮವನ್ನು ಅಗೆಯುವ ಯಂತ್ರಕ್ಕೆ ಅಳವಡಿಸಿತು. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ತೋಳು ಮಡಿಚುತ್ತದೆ. ಜಪಾನಿನ ಮಿತ್ಸುಬಿಷಿ 1961ರಲ್ಲಿ ಯುಂಬೊ ಯಂತ್ರದ ಲೈಸೆನ್ಸ್ ಪಡೆದು ಇಂತಹ ಯಂತ್ರ ಮಾಡಿತು.

ಯಂತ್ರವನ್ನು ಕುಗ್ಗಿಸಿದವರೂ ಜಪಾನೀಯರೇ. ಇಕ್ಕಟ್ಟಾದ ಬೀದಿ, ಒತ್ತೊತ್ತಾದ ಮನೆಗಳ ದೇಶವದು. ಮನೆಯ ತಳಪಾಯದ ಸುತ್ತ ಪಿಕಾಸಿ, ಸಲಿಕೆ, ಕೈಗಾಡಿಗಳಿಂದ ಮಾಡುತ್ತಿದ್ದ ಕೆಲಸಕ್ಕೆ ಒಂದು ಚಿಕ್ಕ ಯಂತ್ರ ಬೇಕೆಂದು ಕಂಟ್ರಾಕ್ಟರೊಬ್ಬರು ಕೇಳಿದಾಗ, ನಾಗಾನೊ ಪ್ರಾಂತದ ತಾಕೆಉಚಿ ಕಂಪನಿ 1971ರಲ್ಲಿ ಟಿಬಿ 1000 ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. ಯನ್ಮಾರ್ ಕಂಪನಿಯೂ ಅದೇ ಕಾಲದಲ್ಲಿ ಈ ಕೆಲಸಕ್ಕೆ ಕೈಹಾಕಿತ್ತು. ಸಾಮಾನ್ಯವಾಗಿ 6 ಟನ್ನಿಗಿಂತ ಕಡಿಮೆ ತೂಕದ ಇವನ್ನೇ ಈಗ ಮಿನಿ ಎನ್ನುವುದು. ಅಲ್ಲಿ ದುಡಿದು ಹಳತಾದ ಯಂತ್ರಗಳು ಹಡಗೇರಿ ಬೇರೆ ದೇಶಗಳಿಗೆ ಬಂದು ಎರಡನೆಯ ಬಾಳು ಆರಂಭಿಸಿದವು.

ತೀರ್ಥಹಳ್ಳಿ ಕಡೆಯ ನನ್ನ ಸೋದರಳಿಯ ಅಂತಹ ಒಂದನ್ನು ನೋಡಿ ಬಂದು ಫೋನು ಮಾಡಿದ. "ಮಾವ, ಮೀಟರಿನಲ್ಲಿ ಬರೀ ಎರಡು ಸಾವಿರ ಗಂಟೆ ಇದೆ, ಹೊಸದರ ಹಾಗೇ ಇದೆ" ಎಂದ. ಅಡಿಕೆ ತೋಟದ ಬಸಿಗಾಲುವೆ ತೆಗೆದು ಬಾಡಿಗೆ ದುಡಿಯುವ ಯೋಚನೆ. ಒತ್ತೆಯಿಡಲು ಇದ್ದದ್ದು ಒಂದೇ ತುಂಡು ತೋಟ. ನಾನು ಗುಮಾಸ್ತ, ಮೆಕ್ಯಾನಿಕ್ ಅಲ್ಲ. ಆದರೂ ಲೆಕ್ಕ ಬರುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ದುಡಿದರೆ ಒಂದೇ ವರ್ಷಕ್ಕೆ 2000 ಗಂಟೆಯಾಗುತ್ತದೆ. ಯಂತ್ರದ ವಯಸ್ಸು 12 ವರ್ಷ. ಉಳಿದ ವರ್ಷಗಳಲ್ಲಿ ಅದು ಸುಮ್ಮನೆ ನಿಂತಿತ್ತೆ? "ಲಿವರಿನ ಹಿಡಿ, ಪೆಡಲು ಸವೆದಿದೆಯೋ ನೋಡು, ಮಾರಾಯ" ಎಂದೆ. ಹಿಡಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಆ ವ್ಯಾಪಾರ ಅಲ್ಲಿಗೇ ನಿಂತಿತು.

ಮುಂದೆ ಅನುಭವಿ ಆಪರೇಟರುಗಳನ್ನು ಕೇಳಿ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಉಪಯೋಗಕ್ಕಾಗಿ ಬರೆಯುತ್ತೇನೆ. ಯಂತ್ರ ನೋಡಲು ಬೆಳಗ್ಗೆಯೇ ಹೋಗಬೇಕು. ಎಂಜಿನ್ನನ್ನು ಮುಟ್ಟಿ ನೋಡಿ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಬೇಕು. ಬಿಸಿ ಮಾಡಿಟ್ಟ ಎಂಜಿನ್ನು ತನ್ನ ರೋಗವನ್ನು ಮುಚ್ಚಿಡುತ್ತದೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದೇ ಅರ್ಥ. ಬಕೆಟ್ಟಿನ ತುಂಬ ಮಣ್ಣು ಹೊರಿಸಿ ತೋಳನ್ನು ಎತ್ತಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಯಾರೂ ಅದರ ಕೆಳಗೆ ನಿಲ್ಲಬಾರದು. ತೋಳು ಬೇಗಬೇಗನೆ ಕೆಳಗಿಳಿದರೆ ಸಿಲಿಂಡರಿನ ಸೀಲು ಅಥವಾ ವಾಲ್ವು ಸೋರುತ್ತಿದೆ. ಪಾಸ್ಕಲನ ನಿಯಮ ನಡೆಯಬೇಕಾದರೆ ಪಾತ್ರೆ ಮುಚ್ಚಿರಲೇಬೇಕಲ್ಲ! ಬಕೆಟ್ಟನ್ನು ಅತ್ತಿತ್ತ ಅಲುಗಾಡಿಸಿ ಪಿನ್ನು, ಬುಷ್ಷುಗಳ ಸಡಿಲವನ್ನೂ, ಮೇಲ್ಭಾಗವನ್ನು ಎಡಬಲಕ್ಕೆ ತಿರುಗಿಸಿ ಅದು ಕೂತ ದೊಡ್ಡ ಬೇರಿಂಗಿನ ಸಡಿಲವನ್ನೂ ನೋಡಬೇಕು. ಚೈನಿನ ಹಲ್ಲುಚಕ್ರ ಚೂಪಾಗಿದ್ದರೆ, ರಬ್ಬರ್ ಪಟ್ಟಿಯೊಳಗಿನ ತಂತಿ ಹೊರಗೆ ಕಂಡರೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ತೋಳಿನ ಮೇಲೆ ಹೊಸ ಬಣ್ಣದ ತೇಪೆಯಿದ್ದರೆ ಕೆಳಗೆ ವೆಲ್ಡಿಂಗ್ ಇದೆಯೋ ಎಂದು ಬೆರಳಾಡಿಸಿ ನೋಡಬೇಕು.

ಕೊನೆಯದಾಗಿ ಕಾಗದಪತ್ರ, ಇದು ನನ್ನ ಕಸುಬು. ಯಂತ್ರದ ಫಲಕದ ಮೇಲಿನ ಸೀರಿಯಲ್ ನಂಬರು ಬಿಲ್ಲಿನ ನಂಬರಿಗೆ ತಾಳೆಯಾಗಬೇಕು. ಹಿಂದಿನ ಸಾಲ ತೀರಿದೆಯೆಂಬ ಬ್ಯಾಂಕಿನ ಪತ್ರ ಕೈಗೆ ಬರಬೇಕು. ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಇರಬೇಕು. ಜಪಾನಿನೊಳಗೆ ಮಾತ್ರ ಮಾರಲು ಮಾಡಿದ ಮಾದರಿಯಾದರೆ ಬಿಡಿಭಾಗ ಇಲ್ಲಿ ಸಿಗುವುದೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಬೇಕು. ಪನಾಮಾದ ಸ್ಟೀವನ್ಸರ ಪಾಠವನ್ನೂ ಮರೆಯಬಾರದು: ಯಂತ್ರವನ್ನು ಕೆಲಸದ ಜಾಗಕ್ಕೆ ಒಯ್ಯುವ ಗಾಡಿ, ಓಡಿಸುವ ಆಳು, ವರ್ಷಕ್ಕೆ ಸಾಕಾಗುವಷ್ಟು ಕೆಲಸ, ಈ ಮೂರೂ ಇಲ್ಲದಿದ್ದರೆ ಒಳ್ಳೆಯ ಯಂತ್ರವೂ ಸಾಲದ ಕಂತನ್ನು ತೀರಿಸಲಾರದು.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮ ನಾಡಿನ ಕೆರೆ, ಬಾವಿ, ಕಾಲುವೆಗಳನ್ನು ತೋಡಿದವರು ಗುದ್ದಲಿ, ಬುಟ್ಟಿ ಹಿಡಿದ ಭೋವಿ ಜನ ಮತ್ತು ಇತರ ಕೂಲಿಕಾರರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿಂದೆಯೂ ಅಂತಹ ಸಾವಿರಾರು ಕೈಗಳಿದ್ದವು. ಆ ಕೈಗಳ ಕೆಲಸವನ್ನು ಯಂತ್ರ ಕಿತ್ತುಕೊಂಡಿತೆಂಬುದು ನಿಜ. ಹಲವು ಲಕ್ಷದ ಹೊಸ ಯಂತ್ರ ಹಣವಂತ ಕಂಟ್ರಾಕ್ಟರನಿಗೆ ಮಾತ್ರ ಎಟುಕುತ್ತದೆ. ಆದರೆ ಅರ್ಧ ಸವೆದ ಯಂತ್ರವನ್ನು ಸರಿಯಾದ ಬೆಲೆಗೆ ಕೊಂಡರೆ, ನಿನ್ನೆಯ ಕೂಲಿಯವನ ಮಗ ಇಂದು ಯಂತ್ರದ ಒಡೆಯನಾಗಬಹುದು. ತಪ್ಪು ಯಂತ್ರ ಕೊಂಡರೆ ಅವನ ಮನೆಯವರು ಇದ್ದ ನೆಲವನ್ನೂ ಕಳೆದುಕೊಳ್ಳುತ್ತಾರೆ.

ನಮ್ಮ ಸಂಘದ ಸದಸ್ಯರಲ್ಲಿ ಎಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಬಂದರಿನಲ್ಲಿ ದುಡಿಯುವವರಿದ್ದಾರೆ. ಊರಿನಿಂದ ತಮ್ಮನೋ ಅಳಿಯನೋ ಫೋನು ಮಾಡಿ ಇಂತಹ ಯಂತ್ರವೊಂದರ ಮಾತೆತ್ತಿದಾಗ "ನನಗೇನು ಗೊತ್ತಪ್ಪ" ಎನ್ನದೆ, ಬಲ್ಲ ಸದಸ್ಯರೊಬ್ಬರನ್ನು ವಿಚಾರಿಸಿ ಹೇಳಿದರೆ ಒಂದು ಸಂಸಾರದ ಜಮೀನು ಉಳಿದೀತು.