ಮಾವಳ್ಳಿಯ ಗೋಪುರ, ಕೆಂಪಾಪುರದ ಸಮಾಧಿ

ರಾಷ್ಟ್ರವೀರನ ಸಮಾಧಿಯನ್ನು ಎತ್ತರದ ನೆಲೆಯಲ್ಲಿ ಕಟ್ಟುವ ಪದ್ಧತಿ ಹಲವು ದೇಶಗಳಲ್ಲುಂಟು. 1938ರಲ್ಲಿ ಕಾಲವಾದ ತುರ್ಕಿಯ ಅತಾತುರ್ಕನ ಪಾರ್ಥಿವ ಶರೀರವನ್ನು 1953ರಲ್ಲಿ ಅಂಕಾರಾ ನಗರದ ಗುಡ್ಡವೊಂದರ ಮೇಲಣ ಭವ್ಯ ಮಂದಿರದಲ್ಲಿರಿಸಿದರು. ಅಲ್ಲಿ ಸಮಾಧಿಯೂ ಸ್ಮಾರಕವೂ ಒಂದೇ. ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡನ ವಿಷಯದಲ್ಲಾದರೋ ಇವೆರಡೂ ಬೇರೆಯಾಗಿವೆ.

ಮಾವಳ್ಳಿಗೆ ಹೊಂದಿದ ಲಾಲ್‌ಬಾಗಿನ ಹೆಬ್ಬಂಡೆಯ ಮೇಲಿನ ಗೋಪುರವು ಕೆಂಪೇಗೌಡನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತ ಇವುಗಳ ಸಮೀಪದಲ್ಲಿ ಇಂಥವೇ ಇನ್ನು ಮೂರು ಗೋಪುರಗಳಿವೆ. ಇವು ಊರಿನ ಭಾವೀ ಎಲ್ಲೆಯ ಗುರುತುಗಳೆಂಬುದು ಐತಿಹ್ಯ. ಇವನ್ನು ಕಟ್ಟಿಸಿದವನು 1537ರಲ್ಲಿ ಕೋಟೆಯನ್ನು ನಿರ್ಮಿಸಿದ ಹಿರಿಯ ಕೆಂಪೇಗೌಡನೆಂದು ಕೆಲವರೂ, ಅವನ ಉತ್ತರಾಧಿಕಾರಿಯೆಂದು ಕೆಲವರೂ ಹೇಳುತ್ತಾರೆ. ಆದರೆ ಗೋಪುರವು ಸಮಾಧಿಯಲ್ಲ.

ಸಮಾಧಿಯು ಗುರುತಿಸಲ್ಪಟ್ಟುದು 2015ರಲ್ಲಿ, ಮಾಗಡಿ ತಾಲ್ಲೂಕಿನ ಕೆಂಪಾಪುರ ಗ್ರಾಮದಲ್ಲಿ. ಅಲ್ಲಿಯ ಸರಳವಾದ ಕಲ್ಲಿನ ಕಟ್ಟಡದಲ್ಲಿರುವ ಕನ್ನಡ ಬರಹವು ಅದನ್ನು ಕೆಂಪೇಗೌಡನ ಮರಣದೊಡನೆ ಸಂಬಂಧಿಸುತ್ತದೆ. ಅವನು ತೀರಿಕೊಂಡುದು 1569ರಲ್ಲೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಹೀಗೆ ನಾಲ್ಕು ಶತಮಾನಗಳಿಗೂ ಮಿಕ್ಕ ಕಾಲ ಗೋಪುರವು ಎಲ್ಲರ ಕಣ್ಣಿಗೆ ಬೀಳುತ್ತಿದ್ದಿತು. ಸಮಾಧಿಯಾದರೋ ವಿದ್ವಾಂಸರ ಗಮನಕ್ಕೂ ಬಾರದೆ ಉಳಿಯಿತು.

ಇದರಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದುದು ಇಷ್ಟು: ಜನರ ಸ್ಮರಣೆಯು ಎತ್ತರವನ್ನು ಆಶ್ರಯಿಸುತ್ತದೆ, ಪ್ರಮಾಣವು ಅನೇಕ ವೇಳೆ ತಗ್ಗಿನಲ್ಲಿ, ಹೊಲಗಳ ಅಂಚಿನಲ್ಲಿ, ಓದುವವರಿಲ್ಲದ ಅಕ್ಷರಗಳಲ್ಲಿ ಅಡಗಿರುತ್ತದೆ. 2022ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಂಪೇಗೌಡನ 108 ಅಡಿ ಎತ್ತರದ ಪ್ರತಿಮೆ ಸ್ಥಾಪಿತವಾಯಿತು. ಗೌರವವು ಯುಕ್ತವೇ. ಆದರೆ ಪ್ರತಿಮೆಯನ್ನು ಮತ್ತೆ ಎರಕ ಹೊಯ್ಯಬಹುದು. ಸವೆದುಹೋದ ಶಾಸನವನ್ನು ಮರಳಿ ಪಡೆಯಲಾಗದು. ಆದುದರಿಂದ ಕೆಂಪಾಪುರದ ಬರಹದ ರಕ್ಷಣೆಯೇ ಮೊದಲ ಕರ್ತವ್ಯ.