ಕಲ್ಲಿನ ರಥದ ಮೇಲಿದ್ದ ಗೋಪುರ

ಮುಂಬಯಿಯಿಂದ ನಮ್ಮ ಠಾಣೆಗೆ ರೈಲು ಬಂದದ್ದು 1853ರಲ್ಲಿ. ಮರುವರ್ಷ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿತು. 1855ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯವು ಈ ವಿದ್ಯೆಗೆಂದೇ ತರಗತಿ ತೆರೆಯಿತು. ಅದೇ ವರ್ಷ ಕಂಪನಿ ಸರ್ಕಾರವು ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯಲು ನೇಮಿಸಿತು. ಸ್ವಲ್ಪ ಕಾಲದಲ್ಲೇ ಆತ ಸೈನ್ಯಕ್ಕೆ ಮರಳಬೇಕಾಯಿತು. ವರ್ಗಾವಣೆಯ ಈ ಪರಿ ಸರ್ಕಾರಿ ನೌಕರನಾದ ನನಗೆ ಹೊಸತೇನಲ್ಲ.

ವರ್ತಕ ನಗರದ ಮನೆಯ ಬಾಲ್ಕನಿಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾದ ಗುಂಡಿಗಳನ್ನು ತಿರುವುತ್ತಾ ಕಲಿಯುತ್ತಿರುವ ನನಗೆ ಫಲಿತಾಂಶ ಮರುಕ್ಷಣವೇ ಪರದೆಯ ಮೇಲೆ ದೊರೆಯುತ್ತದೆ. ಆ ಕಾಲದವರು ಕಾಗದಕ್ಕೆ ಬೆಳ್ಳಿಯ ಲವಣ ಸವರಿ, ಬಿಸಿಲಿಗೆ ಒಡ್ಡಿ, ಕತ್ತಲಲ್ಲಿ ತೊಳೆದ ಮೇಲಷ್ಟೇ ಬೆಳಕು ಹೆಚ್ಚಾಯಿತೋ ಸಾಲದಾಯಿತೋ ತಿಳಿಯುತ್ತಿತ್ತು. ಆದರೆ ಕಲಿಯಬೇಕಾದ ಪ್ರಶ್ನೆ ಬದಲಾಗಿಲ್ಲ: ಮಸೂರದ ಕಿಂಡಿ ಎಷ್ಟು ಅಗಲ, ಎಷ್ಟು ಹೊತ್ತು?

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ, ವೃತ್ತಿಯಿಂದ ಛಾಯಾಗ್ರಾಹಕನಲ್ಲದವನು, ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದನು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲ ನೋಡಿದ್ದೇವೆ. ಈಗ ಐವತ್ತು ರೂಪಾಯಿಯ ನೋಟಿನ ಮೇಲೂ ಅದಿದೆ. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ನಿಂತಿದೆ. ಇಂದು ಹಂಪಿಗೆ ಹೋದರೆ ಆ ಗೋಪುರ ಕಾಣುವುದಿಲ್ಲ.