ಪಾದದ ಆರೈಕೆ: ಚೆನ್ನೈಯ ಇತಿಹಾಸ

ಚೆನ್ನೈ ಮತ್ತು ಅದರ ಆಸುಪಾಸಿನ ಚೆಂಗಲ್ಪಟ್ಟು, ವೇಲೂರುಗಳಲ್ಲಿ ಹಿಮ್ಮಡಿ ಮತ್ತು ಅಂಗಾಲಿನ ಚಿಕಿತ್ಸೆ ಬೆಳೆದುಬಂದ ಬಗೆಯನ್ನು ಈ ಲೇಖನ ವಿವರಿಸುತ್ತದೆ. ನೋವೇ ತಿಳಿಯದ ಕಾಲುಗಳನ್ನು ಉಳಿಸಲು ಹೊರಟವರು ಇಲ್ಲಿ ರೂಪಿಸಿದ ಮೆತ್ತನೆಯ ಚಪ್ಪಲಿ ಇಂದು ನೋಯುವ ಹಿಮ್ಮಡಿಗೂ ಆಸರೆಯಾಗಿದೆ.

ಹಿಮ್ಮಡಿ ನೋವಿಗೆ ಸಿದ್ಧ ವೈದ್ಯದಲ್ಲಿ ‘ಕುದಿಕಾಲ್ ವಾದಂ’ ಎಂದು ಹೆಸರು. ಆಯುರ್ವೇದದ ‘ವಾತಕಂಟಕ’ವೂ ಇದನ್ನೇ ಹೋಲುತ್ತದೆ; ಏರುತಗ್ಗಿನ ನೆಲದಲ್ಲಿ ಹೆಜ್ಜೆ ತಪ್ಪಾಗಿ ಊರಿದರೆ ಅದು ಬರುತ್ತದೆಂದು ಸುಶ್ರುತಸಂಹಿತೆ ಹೇಳುತ್ತದೆ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿಗೆ ಕಾವು ಕೊಡುವ ಮನೆಮದ್ದು ತಮಿಳರಿಗೂ ಕನ್ನಡಿಗರಿಗೂ ಸಮಾನವಾಗಿ ಗೊತ್ತು. ಚೆನ್ನೈಯ ತಾಂಬರಂನಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆ 2005ರಲ್ಲಿ ಆರಂಭವಾಯಿತು.

ಆಧುನಿಕ ಪಾದಚಿಕಿತ್ಸೆಗೆ ಇಲ್ಲಿ ತಿರುವು ಕೊಟ್ಟದ್ದು ಕುಷ್ಠರೋಗ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ಬ್ರಾಂಡ್ ಅವರನ್ನು ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಕರೆದೊಯ್ದರು. ಕುಷ್ಠದಿಂದ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತವೆಂಬ ನಂಬಿಕೆ ಆಗ ವೈದ್ಯರಲ್ಲೂ ಇತ್ತು. ಬ್ರಾಂಡ್ ಮತ್ತು ಸಂಗಡಿಗರು ರೋಗಿಗಳ ದಿನಚರಿಯನ್ನೇ ಗಮನಿಸತೊಡಗಿದಾಗ ಬೇರೆಯದೇ ಕಾರಣ ಕಂಡಿತು. ನರ ಸತ್ತ ಪಾದಕ್ಕೆ ಮೊಳೆ ಚುಚ್ಚಿದ್ದೂ ಕೆಂಡ ತಗುಲಿದ್ದೂ ತಿಳಿಯುವುದಿಲ್ಲ. ಹುಣ್ಣಾದ ಮೇಲೂ ಅದೇ ಜಾಗದ ಮೇಲೆ ಭಾರ ಬೀಳುತ್ತಲೇ ಇರುತ್ತದೆ. ನಮ್ಮಂಥವರು ಒಂದು ಸಣ್ಣ ಕಲ್ಲು ಒತ್ತಿದರೂ ಅರಿವಿಲ್ಲದೆ ಹೆಜ್ಜೆ ಬದಲಿಸುತ್ತೇವೆ. ಅವರಿಗೆ ಆ ಎಚ್ಚರಿಕೆ ಬರುತ್ತಿರಲಿಲ್ಲ. ಶತಮಾನಗಳ ಕಾಲ ಶಾಪಗ್ರಸ್ತರೆಂದು ಸಮಾಜ ದೂರ ಇಟ್ಟಿದ್ದ ರೋಗಿಗಳ ಅಂಗಾಲನ್ನು ಇಷ್ಟು ತಾಳ್ಮೆಯಿಂದ ನೋಡಿದ್ದು ಈ ಇತಿಹಾಸದ ಅತಿ ದೊಡ್ಡ ಘಟನೆ ಎನ್ನಬೇಕು. ಚೆಂಗಲ್ಪಟ್ಟಿನ ಆ ಧಾಮವನ್ನು 1955ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು.

ವೇಲೂರು ಮತ್ತು ಸಮೀಪದ ಕರಿಗಿರಿಯಲ್ಲಿ ಇದಕ್ಕೆ ಪರಿಹಾರವಾಗಿ ಬೆಳೆದದ್ದು ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ, ಜನರ ಬಾಯಲ್ಲಿ ‘ಎಂಸಿಆರ್’. ರಬ್ಬರಿನೊಳಗಿನ ಸಣ್ಣ ಗಾಳಿಗುಳ್ಳೆಗಳು ಅದುಮಿಕೊಂಡು ಭಾರವನ್ನು ಇಡೀ ಅಂಗಾಲಿಗೆ ಹಂಚುತ್ತವೆ. ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಂದೆ ಕಾಲು ಜಾರದಂತೆ ಪಟ್ಟಿ. ಮೊಳೆ ಹೊಡೆಯದೆ ಅಂಟಿನಿಂದಲೇ ಜೋಡಣೆ. ಆದರೆ ಆ ಚಪ್ಪಲಿ ಕಂಡೊಡನೆ ಕುಷ್ಠರೋಗಿಯೆಂದು ಊರಿಗೆ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಅದನ್ನು ಮೆಟ್ಟದೆ ಕಾಲು ಕಳೆದುಕೊಂಡವರೂ ಇದ್ದಾರೆ.

ಸಕ್ಕರೆ ಕಾಯಿಲೆಯೂ ಪಾದದ ನರಗಳನ್ನು ಹೀಗೆಯೇ ಮರಗಟ್ಟಿಸುತ್ತದೆ. ಚೆನ್ನೈಯ ರಾಯಪುರಂನಲ್ಲಿ ಎಂ. ವಿಶ್ವನಾಥನ್ 1954ರಲ್ಲಿ ಮಧುಮೇಹಕ್ಕೆಂದೇ ಆಸ್ಪತ್ರೆ ತೆರೆದರು. ಅಡ್ಯಾರಿನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಪಾದರಕ್ಷೆಯ ವಿನ್ಯಾಸಕ್ಕೆ ಕೈಹಾಕಿತು. ಹಿಂದೆ ಪಾದದಲ್ಲಿ ಹುಣ್ಣಾಗಿದ್ದ 241 ಮಧುಮೇಹಿಗಳ ಮೇಲೆ ಚೆನ್ನೈಯಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮೆತ್ತನೆಯ ಒಳಅಟ್ಟೆ ಬಳಸಿದವರಲ್ಲಿ ಶೇ 4ರಷ್ಟು, ತಮ್ಮ ಮಾಮೂಲಿ ಚಪ್ಪಲಿಯಲ್ಲೇ ಇದ್ದವರಲ್ಲಿ ಶೇ 33ರಷ್ಟು ಮಂದಿಗೆ ಮತ್ತೆ ಹುಣ್ಣಾಗಿತ್ತು.

ಸಾಮಾನ್ಯ ಹಿಮ್ಮಡಿ ನೋವಿನ ಮೂಲ ಬೇರೆ. ಹಿಮ್ಮಡಿ ಮೂಳೆಯಿಂದ ಬೆರಳುಗಳವರೆಗೆ ಹರಡಿದ ಗಟ್ಟಿ ತಂತುಪಟ್ಟಿ ಸವೆದು ನೋಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಯಲ್ಲೇ ಅದು ಹೆಚ್ಚು. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳು ನೋವಿಲ್ಲದ ಎಷ್ಟೋ ಜನರಲ್ಲೂ ಇರುತ್ತದೆ. ಮೀನಖಂಡವನ್ನೂ ಅಂಗಾಲನ್ನೂ ದಿನವೂ ಹಿಗ್ಗಿಸುವ ವ್ಯಾಯಾಮ, ತೂಕ ಇಳಿಸುವುದು ಮತ್ತು ಮೆತ್ತನೆಯ ಚಪ್ಪಲಿಯಿಂದ ಹೆಚ್ಚಿನವರಿಗೆ ಕೆಲವು ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಎಂಸಿಆರ್ ಈಗ ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಯಾವ ಕಳಂಕವೂ ಇಲ್ಲದೆ ಅಂಗಡಿಗಳಲ್ಲಿ ಮಾರಾಟವಾಗುತ್ತದೆ.

ಮನೆಯೊಳಗೆ ಮತ್ತು ಗುಡಿಯಲ್ಲಿ ಬರಿಗಾಲಲ್ಲೇ ಇರುವ ನಾಡಿದು. ಕಲ್ಲುಹಾಸು ಕಾಯುವ ಬೇಸಿಗೆಯ ಮಧ್ಯಾಹ್ನ, ಪಾದ ಮರಗಟ್ಟಿದ ಮಧುಮೇಹಿ ಪ್ರದಕ್ಷಿಣೆ ಮುಗಿಸಿ ಮನೆ ಸೇರಿದ ಮೇಲಷ್ಟೇ ಬೊಬ್ಬೆಗಳನ್ನು ಕಾಣುತ್ತಾನೆ. ಅಂಥವರು ಬೆಳಗಿನ ತಂಪಿನಲ್ಲೇ ದರ್ಶನಕ್ಕೆ ಹೋಗಬೇಕು, ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು.